ಎಡಕ್ಕೆ ತೆರೆಯುವ ಕಿಲ್ಟ್

ನನ್ನ ನಾದಿನಿ ನೆಸ್ಸಾಳನ್ನು ಮೆಚ್ಚುವವರು ಸ್ಕಾಟ್ಲೆಂಡಿನ ನಮ್ಮೂರು ಅಬರ್ಫೆಲ್ಡಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಲವತ್ತು ವರ್ಷ ಅವಳನ್ನು ಕಂಡು ಹೊಟ್ಟೆ ಉರಿದುಕೊಂಡವಳು ಮಾತ್ರ ನಾನೊಬ್ಬಳೇ. ಆದ್ದರಿಂದ ಅವಳ ವಿಷಯ ನನಗೇ ಹೆಚ್ಚು ಗೊತ್ತು.

ನಾನು ಹದಿನೈದಕ್ಕೆ ಶಾಲೆ ಬಿಟ್ಟು ದರ್ಜಿ ಅಂಗಡಿಯಲ್ಲಿ ಕಿಲ್ಟ್, ಅಂದರೆ ನಮ್ಮ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ಮೊಣಕಾಲುದ್ದದ ನೆರಿಗೆ ಲಂಗ, ಹೊಲಿಯಲು ಕುಳಿತವಳು. ಒಂದೊಂದಕ್ಕೂ ಎಂಟು ಗಜ ಉಣ್ಣೆ, ಇಪ್ಪತ್ತೇಳು ನೆರಿಗೆ, ಎಲ್ಲವೂ ಕೈಹೊಲಿಗೆ. ನೆಸ್ಸಾ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಡೇರೆ, ಟಾರ್ಪಾಲು ಹೊಲಿಯುತ್ತಿದ್ದಳು. ಅವಳ ಅಣ್ಣ ಡುಗಲ್ಡ್ ನನ್ನ ಗಂಡ. ಬೆಟ್ಟದ ಕುರಿಹೊಲಗಳಿಗೆ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟುತ್ತಿದ್ದ. ನಮ್ಮ ಮದುವೆಗೆ ಅವನ ಕಿಲ್ಟನ್ನು ನಾನೇ ಹೊಲಿದಿದ್ದೆ.

ಇಪ್ಪತ್ತು ವರ್ಷದ ಹಿಂದೆ, ಒಂದು ವಸಂತದಲ್ಲಿ, ನೆಸ್ಸಾ ಅವನಿಗೆ ದಪ್ಪ ಹತ್ತಿಬಟ್ಟೆಯ ಕಿಲ್ಟ್ ಹೊಲಿದುಕೊಟ್ಟಳು. ಮನೆತನದ ಗುರುತಿನ ಚೌಕಳಿಯಿಲ್ಲ, ನೆನೆದ ಕಲ್ಲಿನ ಬಣ್ಣ. ಎರಡೂ ಮಗ್ಗುಲಿಗೆ ದೊಡ್ಡ ಜೇಬು. ಭಾರ ತುಂಬಿದರೂ ನೆರಿಗೆ ಜಗ್ಗದಂತೆ ಅವನ್ನು ಸೊಂಟಪಟ್ಟಿಯಿಂದಲೇ ಇಳಿಬಿಟ್ಟಿದ್ದಳು. ಸುತ್ತಿಗೆ ಸಿಕ್ಕಿಸಲು ಒಂದು ಕುಣಿಕೆ. ಬಕಲಿನ ಜಾಗದಲ್ಲಿ ಸಾಲು ಸಾಲು ಟಿಚ್ ಬಟನ್. ಊಟ ಹೆಚ್ಚಾದರೆ ಒಂದು ಸಾಲು ಆಚೆ ಹಾಕಿಕೊಂಡರಾಯಿತು.

"ಏನಿದು, ಡೇರೆ ನಡ್ಕೊಂಡು ಬರ್ತಿದೆ?" ಎಂದೆ.

"ನಗು ನಗು," ಎಂದ ಡುಗಲ್ಡ್. "ನಿನ್ನ ಕಿಲ್ಟಲ್ಲಿ ಒಂದು ದಾರದುಂಡೆ ಇಡೋಕೆ ಜಾಗ ಇದೆಯೇನೆ?"

ಅಂದಿನಿಂದ ದಿನವೂ ಅವನ ಸೊಂಟದ ಮೇಲೆ ಅದೇ. ಒಗೆಯುವುದೂ ನೆಸ್ಸಾಳೇ. ಮೇಲೆ ಹಳೆಯ ಉದ್ದ ಕೋಟು ಇರುತ್ತಿತ್ತು. ನಾನಂತೂ ಆ ಬಟ್ಟೆಯ ಕಡೆ ಕಣ್ಣೆತ್ತಬಾರದೆಂದು ಹಟ ಹಿಡಿದಿದ್ದೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಮಗಳು ಷೋನಾಳ ಮದುವೆ. ಅವಳ ಕೈ ಹಿಡಿದು ಚರ್ಚಿನೊಳಗೆ ನಡೆಯುವಾಗ ಅವನು ನನ್ನ ಕಿಲ್ಟನ್ನೇ ಉಟ್ಟಿರಬೇಕು, ನನಗೆ ಬೇಕಾದದ್ದು ಅಷ್ಟೇ. ಕೇಳಿದರೆ "ನೋಡೋಣ" ಎಂದ. ಆ ಮಾತಿಗೆ ನಾನು ವಾರವಿಡೀ ಬೆಂದೆ.

ಜುಲೈನಲ್ಲಿ ನೆಸ್ಸಾಳಿಗೆ ಜ್ವರ ಬಂದು ಕಿಲ್ಟ್ ಒಗೆಯಲು ನನ್ನ ಕೈಗೆ ಬಂತು. ತಂತಿಯ ಮೇಲೆ ಹರವಿದಾಗ ಕಂಡಿತು: ಅದು ಎಡಗಡೆಗೆ ತೆರೆಯುತ್ತಿತ್ತು. ಗಂಡಸಿನ ಕಿಲ್ಟ್ ಬಲಮಗ್ಗುಲಲ್ಲಿ ಮುಚ್ಚಬೇಕು, ಹೆಂಗಸಿನದು ಎಡದಲ್ಲಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಯುವ ಪಾಠ. ಖುಷಿಗೆ ನಾನು ನಿಂತಲ್ಲೇ ಎರಡು ಸ್ಕೋನ್ ಬನ್ ತಿಂದೆ.

ನೆಸ್ಸಾ ಎದ್ದು ಓಡಾಡುವ ಹೊತ್ತಿಗೆ, ಭಾನುವಾರ ಚರ್ಚಿನ ಹಾಲ್‌ನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಗಟ್ಟಿಯಾಗಿ ಹೇಳಿದೆ: "ನೆಸ್ಸಾ, ನಿಮ್ಮಣ್ಣನಿಗೆ ಹೆಂಗಸ್ರ ಕಿಲ್ಟ್ ಹೊಲ್ದಿದ್ದೀಯಲ್ಲೇ!"

"ಹಂಗಾದ್ರೆ ಇನ್ಮೇಲೆ ಡುಗಲ್ಡಕ್ಕ ಅನ್ನೋಣ!" ಎಂದ ಮಾಂಸದಂಗಡಿಯ ಲಾಕಿ. ಹಾಲ್ ಪೂರ್ತಿ ನಕ್ಕಿತು. ಡುಗಲ್ಡ್ ಮುಖ ಕೆಂಪಾಗಿ ಎದ್ದು ಹೊರಗೆ ಹೋದ.

ನೆಸ್ಸಾ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದೊಯ್ದಳು. "ಅವನ ಬಲಗೈ ಬೆರಳು ಮಡಚಲ್ಲ ಕಣೆ ಎಫಿ. ಕಲ್ಲು ಬಿದ್ದು ಎರಡು ವರ್ಷ ಆಯ್ತು. ಎಡಗೈಲಿ ಹಾಕ್ಕೊಳ್ಲಿ ಅಂತ ಆ ಕಡೆ ಮಾಡ್ದೆ."

"ನಿಂಗೆ ಹೇಳಿದ್ನಾ?"

"ಎಲ್ಲಿ ಹೇಳ್ತಾನೆ? ಚಹಾ ಕೊಟ್ಟೆ, ಎಡಗೈಲಿ ಇಸ್ಕೊಂಡ. ಕೈ ತೋರ್ಸು ಅಂದೆ."

ದಿನಕ್ಕೆ ನಾಲ್ಕು ಸಲ ಅವನಿಗೆ ಚಹಾ ಕೊಡುವವಳು ನಾನು. ಹಬ್ಬ ಹರಿದಿನಕ್ಕೆ ನನ್ನ ಕಿಲ್ಟ್ ಉಡುವಾಗ ಅವನು ಎರಡೂ ಕೈ ಮೇಲೆತ್ತಿ "ನೀನೇ ಹಾಕು" ಎನ್ನುತ್ತಿದ್ದ. ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎಂದುಕೊಂಡು ಬಕಲ್ ಬಿಗಿಯುತ್ತಿದ್ದೆ. ನಾಚಿಕೆಯೇನೋ ಆಯಿತು, ಸುಳ್ಳು ಹೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗಿಂತ ಮೊದಲು ಅವಳು ಕಂಡಳಲ್ಲ ಎಂದು ಮೈಯೆಲ್ಲ ಉರಿಯಿತು.

ಮನೆಗೆ ಬಂದು ಕೇಳಿದೆ, "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೆಟ್ಟ ಹತ್ತೋಕೆ ಬಿಡ್ತಿದ್ಯಾ?"

"ಇಲ್ಲ."

"ಮತ್ತೆ?"

ಮರುದಿನ ನಮ್ಮ ಮದುವೆಯ ಕಿಲ್ಟಿನ ಹೊಲಿಗೆ ಬಿಚ್ಚಿ ಹಾಕಿದೆ. ಎಡಕ್ಕೆ ತಿರುಗಿಸಿ ಮತ್ತೆ ಹೊಲಿಯಲು ಹನ್ನೊಂದು ದಿನ ಹಿಡಿಯಿತು. ಬಕಲಿನ ಬದಲು ಟಿಚ್ ಬಟನ್ ಬೇಕಿತ್ತು, ಅದನ್ನು ಕೂರಿಸುವ ಅಚ್ಚು ಇದ್ದದ್ದು ನೆಸ್ಸಾಳ ಶೆಡ್ಡಿನಲ್ಲಿ ಮಾತ್ರ. ಹಲ್ಲು ಕಚ್ಚಿಕೊಂಡು ಹೋದೆ.

"ಹಿಂದೆ ದಪ್ಪ ಬಟ್ಟೆ ಕೊಡೇ, ಇಲ್ಲಾಂದ್ರೆ ಉಣ್ಣೆ ಹರಿಯುತ್ತೆ," ಎಂದಳು. ಮೂರು ಬಟನ್ ಸೊಟ್ಟ ಮಾಡಿದೆ. "ಇಪ್ಪತ್ತೇಳು ನೆರಿಗೆ ಇಡೋ ಕೈಗೆ ಒಂದು ಬಟನ್ ಬಗ್ಗಲ್ವಾ?" ಎಂದು ನಕ್ಕಳು. ಆರರಲ್ಲಿ ಐದನ್ನು ನಾನು ಕೂರಿಸಿದೆ. ಎಲ್ಲಕ್ಕಿಂತ ಮೇಲಿನದು, ಹೆಚ್ಚು ಎಳೆತ ಬೀಳುವುದು, ನನ್ನಿಂದ ಆಗಲೇ ಇಲ್ಲ. ಅವಳೇ ಒಂದೇ ಏಟಿಗೆ ಕೂರಿಸಿದಳು.

ಮದುವೆಯ ದಿನ ಡುಗಲ್ಡ್ ಬಾಗಿಲು ಹಾಕಿಕೊಂಡು ಯಾರ ಸಹಾಯವೂ ಇಲ್ಲದೆ ನನ್ನ ಕಿಲ್ಟ್ ಉಟ್ಟು ಹೊರಗೆ ಬಂದ. ನನ್ನ ಹತ್ತಿರ, ನೆಸ್ಸಾಳ ಎದುರಿಗೇ ನಿಂತು, ಆ ಮೇಲಿನ ಬಟನನ್ನೇ ಬೆರಳಿನಿಂದ ತಟ್ಟಿದ.

"ಗಟ್ಟಿಯಾಗಿ ಕೂತಿದೆ. ಇದು ನೆಸ್ಸಾ ಕೈಕೆಲ್ಸ ತಾನೆ?"

ನಾನು ನೆಸ್ಸಾಳ ಮುಖ ನೋಡಿದೆ.

"ನಾನು ಮುಟ್ಟೂ ಇಲ್ಲಪ್ಪ," ಎಂದಳು ನೆಸ್ಸಾ. "ಎಲ್ಲಾ ಅವಳದ್ದೇ."

ಅವನು ಬಗ್ಗಿ ನನ್ನ ಕೆನ್ನೆಗೆ ಮುತ್ತಿಟ್ಟು, ಷೋನಾಳ ಕೈ ಹಿಡಿದು ನಡೆದ. ಅವನು ತೀರಿಕೊಂಡು ಈಗ ಹನ್ನೊಂದು ವರ್ಷ. ನಿಜ ಏನೆಂದು ನಾನೂ ಅವನಿಗೆ ಹೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಅಲ್ಲೇ, ಎಲ್ಲರ ಮುಂದೆ, "ಅದು ನಂದು" ಎಂದುಬಿಡುತ್ತಿದ್ದೆ. ಅವಳನ್ನು ಕಂಡರೆ ಇಂದಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ.