ಲೋಟದ ಕೆಳಗಿನ ಕಾಯಿ

ನಮ್ಮ ಕಡೆ ಕಾಫಿ ಲೋಟವನ್ನು ನೆಲದ ಮೇಲಿಟ್ಟರೆ ನೆಲಕ್ಕೇನೂ ಬೇಜಾರಾಗುವುದಿಲ್ಲ. ಜಗಲಿ ಮೇಲಿಟ್ಟರೆ ಜಗಲಿಗೂ ಇಲ್ಲ. ಆದರೆ ಹೋದ ವರ್ಷ ಚಿಕ್ಕನಾಯಕನಹಳ್ಳಿಯ ನಮ್ಮನೆಗೆ ಪಾಲಿಶ್ ಹೊಡೆದ ಟೀಪಾಯಿ ಬಂತು, ಅದರ ಹಿಂದೆಯೇ ನನ್ನ ಹೆಂಡತಿಗೆ ಫೋನಿನಲ್ಲಿ ಜ್ಞಾನೋದಯವಾಯಿತು. ಬಿಸಿ ಲೋಟ ಇಟ್ಟರೆ ಪಾಲಿಶ್ ಮೇಲೆ ಉಂಗುರದ ಹಾಗೆ ಕಲೆ ಬೀಳುತ್ತದಂತೆ. ಅದಕ್ಕೆ ಲೋಟದ ಕೆಳಗೆ ಕೋಸ್ಟರ್ ಅನ್ನುವುದೊಂದು ಇರಬೇಕಂತೆ. ಅದನ್ನು ಕೊಳ್ಳಬಾರದು, ಮನೆಯಲ್ಲಿ ಮೂಲೆಗೆ ಬಿದ್ದ ಆಟದ ಸಾಮಾನಿನಲ್ಲಿ ಮಾಡಿಕೊಳ್ಳಬೇಕಂತೆ.

"ಮೂಲೆಗೆ ಬಿದ್ದ ಆಟದ ಸಾಮಾನು ಯಾವುದೈತೆ ನಮ್ಮನೇಲಿ?" ಅಂದೆ.

"ನಿಮ್ಮ ಕೇರಂ ಕಾಯಿ ಇಲ್ವೇನ್ರೀ? ಬೋರ್ಡಿಲ್ಲದ ಕಾಯಿ ಇಟ್ಕೊಂಡು ಪೂಜೆ ಮಾಡ್ತೀರಾ?" ಅಂದಳು.

ನನಗೆ ಮೈಯೆಲ್ಲ ಉರಿದುಹೋಯ್ತು. ಯಾಕೆ ಅಂತ ಹೇಳಬೇಕಾದರೆ ನಮ್ಮ ಪಾಲಿನ ಕತೆ ಹೇಳಬೇಕು.

ಅಪ್ಪ ಹೋದ ಮೇಲೆ ನಾನೂ ಅಣ್ಣನೂ ಬೇರೆಯಾದೆವು. ತೋಟ, ಹೊಲ, ದನ ಎಲ್ಲ ಸದ್ದಿಲ್ಲದೆ ಹಂಚಿಹೋದವು. ಜಗಳ ಹತ್ತಿದ್ದು ಕೇರಂಗೆ. ಚಿಕ್ಕಂದಿನಿಂದ ಎದುರುಬದುರು ಕೂತು ಆಡಿದ್ದು, ಇಬ್ಬರಿಗೂ ಬಿಡಲು ಮನಸ್ಸಿಲ್ಲ. "ಬೋರ್ಡೂ ನಂದೇ, ಕಾಯೂ ನಂದೇ" ಅಂತ ಅವನು, "ಕಾಯಿ ಮುಟ್ಟು ನೋಡಾನ" ಅಂತ ನಾನು. ಪಂಚಾಯ್ತಿಗೆ ಬಂದಿದ್ದ ದೊಡ್ಡಪ್ಪ ಕಂಬಕ್ಕೊರಗಿ ತೂಕಡಿಸುತ್ತಿದ್ದವರು, ಕಾಯಿ ಅನ್ನುವ ಮಾತಿಗೆ ಎಚ್ಚರವಾದರು. ತೆಂಗಿನ ಸೀಮೆಯಲ್ಲಿ ಕಾಯಿ ಅಂದರೆ ಯಾವ ಕಾಯಿ ಅಂತ ಯಾರೂ ಕೇಳುವುದಿಲ್ಲ. ಅಂಗಳದಲ್ಲಿದ್ದ ತೆಂಗಿನಕಾಯಿ ರಾಶಿಗೆ ಕಿತ್ತಾಡ್ತಾವೆ ಅಂದುಕೊಂಡು, "ಕಾಯಿ ಚಿಕ್ಕೋನಿಗೆ ಬುಡ್ರಪ್ಪ, ಮಿಕ್ಕಿದ್ದು ದೊಡ್ಡೋನಿಗೆ" ಅಂದುಬಿಟ್ಟರು. ಹಿರೀಕರ ಮಾತು, ತಿರುಗಿಸುವಂತಿಲ್ಲ. ಕೇರಂ ಕಾಯಿ ನನಗೆ ಬಂದವು, ಬೋರ್ಡು ಅಣ್ಣನ ಜೊತೆ ಹಂದನಕೆರೆಗೆ ಹೋಯಿತು. ಆಮೇಲೆ ನಿಜವಾದ ತೆಂಗಿನಕಾಯಿ ರಾಶಿಯ ಮಾತೆತ್ತಿದರೆ, "ಅದು ಆಗಲೇ ತೀರ್ಮಾನ ಆಯ್ತಲ್ರಪ್ಪ" ಅಂತ ಮತ್ತೆ ಕಣ್ಣು ಮುಚ್ಚಿದರು.

ಅಲ್ಲಿಗೆ ಆಟ ನಿಂತುಹೋಯ್ತು. ಕೊಬ್ಬರಿ ಹಾಕೋಕೆ ತಿಪಟೂರಿಗೆ ಹೋದಾಗೆಲ್ಲ ಅಂಗಡಿಯಲ್ಲಿ ಹೊಸ ಕೇರಂ ಬೋರ್ಡು ಕಾಣುತ್ತಿತ್ತು. ಕೊಂಡರೆ ಅಣ್ಣನ ಮುಂದೆ ಸೋತ ಹಾಗೆ. ಅವನೂ ಹೊಸ ಕಾಯಿ ಕೊಂಡಿಲ್ಲ ಅಂತ ಕೇಳಿ ಒಳಗೊಳಗೇ ಹಿಗ್ಗಿದೆ. ನಿಜ ಹೇಳಬೇಕೆಂದರೆ ನನಗೆ ಬೇಕಿದ್ದದ್ದು ಅಣ್ಣ. ಅವನೇ ಬಂದು "ಕಾಯಿ ತಗೊಂಡು ಬಾರ್ಲಾ" ಅಂದಿದ್ದರೆ ಓಡಿಹೋಗುತ್ತಿದ್ದೆ. ಅವನು ಬರಲಿಲ್ಲ, ನಾನು ಹೋಗಲಿಲ್ಲ. ಮದುವೆ, ತಿಥಿಗಳಲ್ಲಿ ಸಿಕ್ಕರೆ ಮಳೆ ಬೆಳೆ ಬಗ್ಗೆ ಮಾತಾಡುತ್ತಿದ್ದೆವು, ಅದೂ ಪಕ್ಕದಲ್ಲಿದ್ದ ಮೂರನೆಯವರ ಜೊತೆ.

ಇಷ್ಟೆಲ್ಲ ಇರುವಾಗ ಒಂದು ಮಧ್ಯಾಹ್ನ ತೋಟದಿಂದ ಬಂದು ನೋಡುತ್ತೇನೆ, ಕಾಯಿಗಳೆಲ್ಲ ಟೀಪಾಯಿ ಮೇಲೆ ಮಲಗಿವೆ. ಕಾಲೊರೆಸೋ ನಾರಿನ ಮ್ಯಾಟನ್ನು ದುಂಡಗೆ ಕತ್ತರಿಸಿ ಅದರ ಮೇಲೆ ಗಮ್ ಹಾಕಿ ಅಂಟಿಸಿದ್ದಳು. "ಹೊಸ ಮ್ಯಾಟು ಕಣ್ರೀ, ಯಾರೂ ತುಳಿದಿಲ್ಲ" ಅಂತ ಸಮಾಧಾನ ಬೇರೆ. ಒಂದರಲ್ಲಿ ನಡುವೆ ರೆಡ್ಡು, ಸುತ್ತ ಕರಿ ಬಿಳಿ, ಹೆಚ್ಚುಕಡಿಮೆ ಆಟ ಶುರುಮಾಡುವಾಗ ಜೋಡಿಸಿದ ಹಾಗೆ. ನಾನು ಸಿಟ್ಟಿಗೆ ದಿನವೆಲ್ಲ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ಬಂದವರಿಗಂತೂ ಕೋಸ್ಟರ್ ಅರ್ಥವಾಗಲೇ ಇಲ್ಲ. ಲೋಟದ ಜೊತೆ ದುಂಡಗಿನದೇನಾದರೂ ಕೊಟ್ಟರೆ ನಮ್ಮ ಜನಕ್ಕೆ ಅದು ನೊಣ ಬೀಳದಂತೆ ಮುಚ್ಚುವ ಮುಚ್ಚಳ. ಕೊಬ್ಬರಿ ವ್ಯಾಪಾರಿ ಕಾಫಿ ಮೇಲೆ ಮುಚ್ಚಿದ. ಪಕ್ಕದ ಮನೆಯಾಕೆ ಮುಚ್ಚಿದ್ದಲ್ಲದೆ, "ಭಾರ ಐತೆ ಕಣೇ, ಗಾಳಿಗೆ ಹಾರಲ್ಲ" ಅಂತ ಹೊಗಳಿದಳು. ಹೆಂಡತಿ ಪಾಠ ಹೇಳಿ ಹೇಳಿ ಸುಸ್ತಾದಳು. ಟೀಪಾಯಿ ತುಂಬ ಉಂಗುರ.

ಮೊನ್ನೆ ಅಣ್ಣ ಬಂದ. ಬಾಗಿಲಲ್ಲೇ ನಿಂತು, "ಬಸ್ ತಪ್ಪೋಯ್ತು" ಅಂದ. ಹಂದನಕೆರೆ ಬಸ್ಸು ಆಗಿನ್ನೂ ಸ್ಟ್ಯಾಂಡಿಗೇ ಬಂದಿರಲಿಲ್ಲ. ಅದು ನನಗೂ ಗೊತ್ತು, ಅವನಿಗೂ ಗೊತ್ತು. "ಬಾ, ಕೂತ್ಕೊ" ಅಂದೆ.

ಕಾಫಿ ಬಂತು. ಅವನೂ ಮುಚ್ಚಳವೆಂದೇ ಎತ್ತಿ ಲೋಟದ ಮೇಲೆ ಮುಚ್ಚಿದ. ಆಮೇಲೆ ಬಗ್ಗಿ, ರೆಡ್ಡಿನ ಸುತ್ತ ಅಂಟಿಸಿದ್ದ ಕಾಯಿಗಳನ್ನು ನೋಡಿದ.

"ಜೋಡ್ಸಿರದು ತಪ್ಪು," ಅಂದ. "ಕರಿ ಪಕ್ಕ ಕರಿ ಇಡಂಗಿಲ್ಲ."

"ನಾನಲ್ಲ, ಇವಳು ಜೋಡ್ಸಿದ್ದು. ಬೋರ್ಡು ಹೆಂಗೈತೆ?" ಅಂದೆ.

"ನಿಮ್ಮತ್ತಿಗೆ ಅದರ ಮ್ಯಾಲೆ ಸಂಡಿಗೆ ಒಣಗಿಸ್ತಾಳೆ. ಮೂಲೆ ತೂತಲ್ಲಿ ಸಂಡಿಗೆ ಬಿದ್ದೋದ್ರೆ ನನ್ನ ಬೈತಾಳೆ."

ಇಬ್ಬರೂ ನಕ್ಕೆವು. ನಕ್ಕಾದ ಮೇಲೆ ಏನು ಮಾಡಬೇಕೋ ಇಬ್ಬರಿಗೂ ತಿಳಿಯಲಿಲ್ಲ. ಅಣ್ಣ ಕಾಫಿ ಮುಗಿಸಿ, ಹೆಬ್ಬೆರಳ ಉಗುರಿನಿಂದ ರೆಡ್ಡನ್ನು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟ. ಬೋರ್ಡು ಸಾಲದು ಅಂತ ಇದನ್ನೂ ಒಯ್ತಾನಲ್ಲ ಅಂತ ನನ್ನ ಹಳೇ ಸಿಟ್ಟು ಎದ್ದಿತು. ಕೇರಂನಲ್ಲಿ ರೆಡ್ ಹಾಕಿದವನು ಅದರ ಹಿಂದೆಯೇ ತನ್ನದೊಂದು ಕಾಯಿ ಹಾಕಬೇಕು, ಅದಕ್ಕೆ ಫಾಲೋ ಅಂತೀವಿ. ಫಾಲೋ ಬೀಳದಿದ್ದರೆ ರೆಡ್ಡನ್ನು ವಾಪಸ್ ನಡುವೆ ಇಡಬೇಕು.

"ಫಾಲೋ ಎಲ್ಲಿ?" ಅಂತ ಬಾಗಿಲಿಂದ ಕೂಗಿದೆ. "ಫಾಲೋ ಇಲ್ದೆ ರೆಡ್ ಒಯ್ಯಂಗಿಲ್ಲ."

ಅಣ್ಣ ತಿರುಗಿ ನೋಡದೆಯೇ ಹೇಳಿದ. "ಗೊತ್ತು ಕಣ್ಲಾ. ವಾಪಸ್ ಇಡಾಕೆ ನಾಳೆ ಬತ್ತೀನಿ. ಬೋರ್ಡು ತತ್ತೀನಿ, ನೀನು ಆ ಗಮ್ ಕೆರೆದಿಡು."

ಒಳಗಿಂದ ಹೆಂಡತಿ, "ಕೋಸ್ಟರ್ ಮುಟ್ಟಿದ್ರೆ ಸುಮ್ನಿರಲ್ಲ" ಅಂದಳು. ನಾನಾಗಲೇ ಕಾಯಿ ನೆನೆಹಾಕೋಕೆ ಬಿಸಿನೀರು ಕಾಯಲು ಇಟ್ಟಿದ್ದೆ.