ಆಕೆಯ ದನಿಯನ್ನು ಕಳಿಸಿದ ದಿನ

ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ನಾವು ಮೂವರು ಸೇರಿ ಸ್ಪರ್ಧೆಗೆಂದು ಒಂದು ರೇಡಿಯೊ ಕಟ್ಟಿದೆವು. ಹಾಗಂತ ಎಲ್ಲ ಕಡೆ ಹೇಳಿಕೊಂಡಿದ್ದೇನೆ. ನಿಜಕ್ಕೂ ಕಟ್ಟಿದವಳು ತೊರಗಲ್ಲಿನ ಹುಡುಗಿ. ಕಿತ್ತೂರಿನ ಹುಡುಗ ಆಂಟೆನಾದ ತಂತಿ ಸುತ್ತಿದ. ನೇಸರಗಿಯಿಂದ ದಿನಾ ಬೈಲಹೊಂಗಲದ ಕಾಲೇಜಿಗೆ ಬಸ್ಸಿನಲ್ಲಿ ಬರುತ್ತಿದ್ದ ನಾನು ಪೋಸ್ಟರ್ ಬರೆದೆ.

ಹಳೆಯ ರೇಡಿಯೊದಲ್ಲಿ ಬಿಡಿಭಾಗಗಳು ಮಾಡುವ ಕೆಲಸವನ್ನು ಇದರಲ್ಲಿ ಲ್ಯಾಪ್‌ಟಾಪಿನ ಪ್ರೋಗ್ರಾಂ ಮಾಡುತ್ತದೆ. ಆ ಪ್ರೋಗ್ರಾಂ ಪೂರ್ತಿ ಆಕೆಯದು. ಗದ್ದಲದಲ್ಲಿ ಮುಚ್ಚಿಹೋದ ಮಾತನ್ನು ಹೆಕ್ಕಿ ತೆಗೆಯುವ ಭಾಗವನ್ನಂತೂ ಹನ್ನೊಂದು ಸಲ ಅಳಿಸಿ ಬರೆದಿದ್ದಳು. ಸ್ಪರ್ಧೆಗೆ ಒಂದು ವಾರ ಇರುವಾಗ ನಮ್ಮ ಸರ್ ಲ್ಯಾಬಿಗೆ ಬಂದು ಕೇಳಿಸಿಕೊಂಡು, ಎಲ್ಲರ ಮುಂದೆ, "ಇದು ಈಕಿ ಕೆಲಸ. ನೀವಿಬ್ಬರು ಈಕಿ ಬ್ಯಾಗ್ ಹೊರ್ರಿ, ಸಾಕು," ಅಂದರು. ಲ್ಯಾಬೆಲ್ಲ ನಕ್ಕಿತು. ನಾನೂ ನಕ್ಕೆ. ಬೈಲಹೊಂಗಲದ ಬಸ್ ನಿಲ್ದಾಣ ಮುಟ್ಟುವವರೆಗೂ ಕಿವಿ ಬಿಸಿಯಾಗೇ ಇದ್ದವು.

ಆಕೆಗೆ ಇದ್ದದ್ದು ಒಂದೇ ಅಂಜಿಕೆ, ನಾಲ್ಕು ಜನರೆದುರು ಇಂಗ್ಲಿಷ್ ಮಾತಾಡುವುದು.

"ನೀ ಹೇಳು, ನಾ ಫೋನಿನ್ಯಾಗ ರೆಕಾರ್ಡ್ ಮಾಡ್ತೇನಿ. ಆಮ್ಯಾಲ ನೀನ ಕೇಳಿ ತಿದ್ಕೋ," ಅಂದೆ. ಸಹಾಯ ಮಾಡಬೇಕೆಂದೇ ಅಂದೆನೊ ಏನೊ, ಈಗ ಆಣೆ ಮಾಡಿ ಹೇಳಲಾರೆ.

"ಯಾರಿಗೂ ಕೇಳಸಬ್ಯಾಡ ಮತ್ತ."

"ಹುಚ್ಚಿ, ಯಾರಿಗೆ ಕೇಳಸ್ಲಿ?"

ನಮ್ಮ ರೇಡಿಯೊ ಬಗ್ಗೆ ಇಂಗ್ಲಿಷಿನಲ್ಲಿ ಎರಡು ನಿಮಿಷ ಮಾತಾಡಿದಳು. 'ಫ್ರೀಕ್ವೆನ್ಸಿ' ಅನ್ನುವಲ್ಲಿ ನಾಲ್ಕು ಸಲ ಎಡವಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಕಡೆಗೆ ಸಣ್ಣ ದನಿಯಲ್ಲಿ, "ಅವ್ವಾ, ನನಗ ಬರಂಗಿಲ್ಲ ಇದು," ಅಂದಳು.

ಸ್ಪರ್ಧೆ ಬೆಳಗಾವಿಯ ಒಂದು ಕಾಲೇಜಿನಲ್ಲಿ. ಕೆಳಗಿನ ಕೋಣೆಯಿಂದ ಧ್ವನಿ ಕಳಿಸಬೇಕು, ಮೂರನೆಯ ಮಹಡಿಯ ಹಾಲ್‌ನಲ್ಲಿ ಹಿಡಿಯಬೇಕು. ಆಕೆ ಮೇಲೆ ತೀರ್ಪುಗಾರರ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಳು. ನಾವಿಬ್ಬರು ಕೆಳಗೆ. ಮೇಲೆ ಕೆಳಗೆ ಮಾತಾಡಲು ಫೋನು ಹಚ್ಚಿಟ್ಟುಕೊಂಡಿದ್ದೆವು. ಅಲ್ಲಿಯವರೆಗೆ ದಿನಾ ಒಂದು ಹಾಡು ಕಳಿಸಿ ನೋಡುತ್ತಿದ್ದೆವು. ಆ ದಿನ ನಾನು ಹಾಡು ತೆಗೆದು ಆ ರೆಕಾರ್ಡಿಂಗ್ ಹಾಕಿದೆ.

ಕಿತ್ತೂರಿನವನು ಹೆಡ್‌ಫೋನಿನಲ್ಲಿ ಕೇಳಿ, "ಏ, ಇದು ಆಕಿ ದನಿ ಅಲ್ಲೇನ?" ಅಂದ.

"ಹೌದು. ಹಚ್ಚು."

ಅವನು ನಗುತ್ತ ಗುಂಡಿ ಒತ್ತಿದ.

ಫೋನಿನಲ್ಲಿ ನನಗೆ ಮೇಲಿನದೆಲ್ಲ ಕೇಳುತ್ತಿತ್ತು. ಮೊದಲು ಸೊರ್ ಎಂಬ ಸದ್ದು. ನಂತರ ಆಕೆಯದೇ ಪ್ರೋಗ್ರಾಂ ಗದ್ದಲವನ್ನೆಲ್ಲ ಸರಿಸಿ, ಆಕೆಯ ತೊದಲು, ಆಕೆಯ ಉಸಿರು, ಎಲ್ಲವನ್ನೂ ಹಾಲ್‌ ತುಂಬ ಸ್ಪಷ್ಟವಾಗಿ ಕೇಳಿಸಿತು. "ಅವ್ವಾ" ಬಂದಾಗ ಬೇರೆ ತಂಡದವರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಆಕೆ ಫೋನಿಗೆ ಬಂದಳು.

"ಜಡ್ಜ್ ಸರ್ ಇನ್ನೊಮ್ಮೆ ಹಚ್ಚಂತಾರ. ಸಿಗ್ನಲ್ ಅಳತಿ ತಗೋಬೇಕಂತ."

ಹಾಡಿಗೆ ಬದಲಿಸಬಹುದಿತ್ತು. ಕೈಯಳತೆಯಲ್ಲೇ ಇತ್ತು. ನಾನು ಅದನ್ನೇ ಮತ್ತೆ ಹಚ್ಚಿಸಿದೆ. ಮೂರನೆಯ ಸಲ ಕೇಳಿದಾಗಲೂ ಅದನ್ನೇ. ಆ ಹೊತ್ತಿಗೆ ಹಾಲ್‌ನಲ್ಲಿದ್ದವರಿಗೆ ಬಾಯಿಪಾಠವಾಗಿತ್ತು. ಆಕೆಯ ದನಿಗಿಂತ ಮೊದಲೇ "ಅವ್ವಾ" ಎಂದು ಒಟ್ಟಿಗೆ ಕೂಗಿದರು. ಕನ್ನಡ ಬಾರದ ತೀರ್ಪುಗಾರರು ಇದು ಯಾರ ದನಿ ಎಂದು ಇಂಗ್ಲಿಷಿನಲ್ಲಿ ಕೇಳಿದ್ದು ನನಗೆ ಕೇಳಿಸಿತು. "ನಂದ್ರಿ ಸರ್," ಅಂದಳು.

ಎರಡನೆಯ ಬಹುಮಾನ ಬಂತು. ಬಸ್ಸಿನಲ್ಲಿ ಆಕೆಯ ಪಕ್ಕ ಕುಳಿತೆ. ತಪ್ಪಾಯಿತು ಅನ್ನಬೇಕಿತ್ತು. "ಬಹುಮಾನ ಬಂತಲ್ಲ, ಬಿಡು," ಅಂದೆ.

"ಒಂದ ಕಡೆ ಸ್ವಲ್ಪ ಗದ್ದಲ ಉಳದಿತ್ತು. ಅದನ್ನ ತಿದ್ದಬೇಕಿತ್ತು," ಅಂದಳು. ಊರು ಬರುವವರೆಗೆ ಮತ್ತೆ ಬಾಯಿ ಬಿಡಲಿಲ್ಲ.

ಆಮೇಲೆ ತರಗತಿಯಲ್ಲೂ ಬಿಡಲಿಲ್ಲ. ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಉತ್ತರಗಳನ್ನು ಹಾಳೆಯ ಮೇಲೆ ಬರೆದು ತೋರಿಸಿದಳು. ಹೊರಗಿನಿಂದ ಬಂದ ಪರೀಕ್ಷಕರು, "ಯಾಕ್ರಿ, ಬಾಯಿ ಇಲ್ಲೇನ್ರಿ?" ಎಂದು ಹಾಳೆ ನೋಡದೆ ಸರಿಸಿದರು. ನಾನು ಮುಂದಿನ ಸರದಿಗೆ ಬಾಗಿಲಲ್ಲೇ ನಿಂತಿದ್ದೆ. ನೌಕರಿಯ ಸಂದರ್ಶನದಲ್ಲಿ ರೇಡಿಯೊ ಬಗ್ಗೆ ಕೇಳಿದಾಗ, ಹನ್ನೊಂದು ಸಲ ಅಳಿಸಿ ಬರೆದೆ ಎಂದು ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು. ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು.

ಹೋದ ವರ್ಷ ಸವದತ್ತಿಯ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು. ರಾಮದುರ್ಗದಲ್ಲಿ ಪಂಪಿನ ಸ್ಟಾರ್ಟರ್ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾಳಂತೆ. ನಾನು ನಿಂತ ನಿಲುವಿನಲ್ಲೇ ಎಲ್ಲ ಹೇಳಿದೆ. ಸರ್ ಅಂದ ಮಾತು, ನನ್ನ ಹೊಟ್ಟೆಕಿಚ್ಚು, ಸಂದರ್ಶನದ ಸುಳ್ಳು. ಹೇಳುತ್ತ ಅತ್ತೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಹೇಳಿ ನೀ ಹಗುರ ಆಗಬೇಕಂತೀ," ಅಂದಳು. "ಅದಕ್ಕ ನಾ ಯಾಕ ಸಹಾಯ ಮಾಡ್ಲಿ?"

ರಾಮದುರ್ಗದ ಬಸ್ಸು ಬಂತು. ಆಕೆಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಡಲು ಹತ್ತು ನಿಮಿಷ ಹಿಡಿಯಿತು, ಅಷ್ಟೂ ಹೊತ್ತು ನಾನು ಕೆಳಗೆ ನಿಂತೇ ಇದ್ದೆ. ಆಕೆ ಫೋನಿನಲ್ಲಿ ಯಾರಿಗೋ ಯಾವ ತಂತಿ ಎಲ್ಲಿಗೆ ಜೋಡಿಸಬೇಕೆಂದು ನಿಧಾನವಾಗಿ, ಒಂದೊಂದಾಗಿ ಹೇಳಿಕೊಡುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.