ತಗಡಿನ ಮೇಲಿನ ಒದ್ದೆ ಚೀಲಗಳು

ಈ ಕತೆ ಹೇಳುವಾಗಲೆಲ್ಲ ಚೀಲಗಳ ಸಂಖ್ಯೆ ಹೆಚ್ಚುತ್ತ ಹೋಗುತ್ತದೆ. ಆರು ಎಂದು ಬರೆದಿದ್ದೆ. ಹೆಂಡತಿ ಓದಿ ಮೂರಕ್ಕೆ ಇಳಿಸಿದಳು. ಮೂರೇ ಇರಲಿ.

ಮೋತಿ ಡೊಂಗರ್ ಗುಡ್ಡದ ಮೇಲೆ ನಮ್ಮದು ತಗಡಿನ ಮನೆ. ಆ ಮೇ ತಿಂಗಳು ವಿಜಯಪುರದ ಕಡೆಯಿಂದ ಅವ್ವ ಬಂದಿದ್ದಳು. ಮಳೆ ಹಿಡಿಯುವವರೆಗೆ ಅವಳನ್ನು ಇರಿಸಿಕೊಳ್ಳಬೇಕೆಂದು ನನ್ನ ಆಸೆ. ಕರೆಂಟ್ ಉಳಿಸಬೇಕೆಂಬುದು ಇನ್ನೊಂದು ಆಸೆ. ಎರಡೂ ಒಂದೇ ಕೋಣೆಯಲ್ಲಿ ಬಾಳಲಿಲ್ಲ.

ನನ್ನ ಕಾಯ್ದೆ: ಮಧ್ಯಾಹ್ನ ಫ್ಯಾನ್ ಬಂದ್. ಬದಲಿಗೆ, ಊರಲ್ಲಿ ಮಾಡುವಂತೆ, ತಗಡಿನ ಮೇಲೆ ಒದ್ದೆ ಗೋಣಿಚೀಲ. ವಾರದ ಆರು ದಿನ ನಾನು ಕುಂಡಯಿಯ ಕಾರ್ಖಾನೆಯಲ್ಲಿ. ಚೀಲ ನೆನೆಸುವ ಕೆಲಸ ಹೆಂಡತಿಗೆ. ಸಂಜೆ ಬಂದು "ಹ್ಯಾಂಗಿತ್ತು?" ಎಂದರೆ ಅತ್ತೆ ಸೊಸೆ ಒಂದೇ ದನಿಯಲ್ಲಿ "ತಂಪ್ ಇತ್ತು" ಎನ್ನುತ್ತಿದ್ದರು. ನಾನು ಪಕ್ಕದ ಮನೆಯವರಿಗೂ ಉಪದೇಶ ಶುರುಮಾಡಿದೆ.

ಭಾನುವಾರ ನಾನೇ ಏಣಿ ಹತ್ತಿದೆ. ಚೀಲಗಳು ಒಣಗಿ ಕಟಿ ರೊಟ್ಟಿಯಂತಾಗಿದ್ದವು. ಪೈಪು ಹಿಡಿದು ನೆನೆಸಿದೆ, ಒಣಗಿದವು. ಮತ್ತೆ ನೆನೆಸಿದೆ, ಮತ್ತೆ ಒಣಗಿದವು. ಗುಡ್ಡದ ಮೇಲೆ ನೀರು ತಾನಾಗಿ ಏರುವುದಿಲ್ಲ. ಕೆಳಗಿನ ಟಾಕಿಯಿಂದ ನಮ್ಮ ಪಂಪು ದಬ್ಬುತ್ತಲೇ ಇತ್ತು.

ಅಂಗಳದಿಂದ ಹೆಂಡತಿ ಕೂಗಿದಳು: "ರೀ, ಆ ಪಂಪು ಏನ್ ನಿಮ್ಮ ಭಾಷಣದ ಮ್ಯಾಲೆ ಓಡಾಕತ್ತೈತೇನ್ರಿ? ಅದಕ್ಕ ಕರೆಂಟ್ ಬ್ಯಾಡೇನು?"

ಇಳಿದು ಬಂದರೆ ಒಳಗೆ ಅವ್ವ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು.

"ನಾ ಊರಿಗೆ ಹೊಂಟೆ ತಮ್ಮಾ. ಇವತ್ತಿನಂಥಾ ಕುದಿ ಒಂದ್ ದಿನಾನೂ ಇರಲಿಲ್ಲ."

"ಆರು ದಿನ ತಂಪ್ ಇತ್ತಂದ್ಯಲ್ಲ ಅವ್ವಾ?"

"ಇತ್ತಪಾ. ಆವಾಗ ನೀ ಇರಲಿಲ್ಲ, ಫ್ಯಾನ್ ಇತ್ತು."

ಆಗ ನಾನು ನಕ್ಕೆ ಎಂದು ನನ್ನ ನೆನಪು. ಮುಖ ಊದಿಸಿಕೊಂಡು ಪಂಪು ಆರಿಸಲು ಹೋದಿರಿ ಎಂದು ಹೆಂಡತಿಯ ನೆನಪು. ಬರೆಯುವವನು ನಾನೇ ಆದ್ದರಿಂದ ನನ್ನದರ ಮೇಲೆ ನನಗೆ ನಂಬಿಕೆಯಿಲ್ಲ, ಅವಳದೇ ನಿಲ್ಲಲಿ.

ಊದಿದ ಮುಖದಲ್ಲೇ ಬಂದು ಫ್ಯಾನ್ ಹಾಕಿದೆ. ಅವ್ವ ಅದರಡಿ ಕೂತು ಸೆರಗು ಬಿಚ್ಚಿ ಗಾಳಿ ತಗೊಂಡಳು.

"ನಾಳೆ ನಿನಗ ಡ್ಯೂಟಿ ಐತಿಲ್ಲ?"

"ಐತಿ."

"ಖರೇ?"

"ಖರೇನ ಅವ್ವಾ."

"ಹಂಗಾದ್ರ ಇರ್ತೀನಿ ತಗೋ."

ಬ್ಯಾಗಿನಿಂದ ಆರು ಸೀರೆ ಹೊರತೆಗೆದಳು. ಉಳಿದವು ಒಳಗೇ ಇರಲಿ, ಮುಂದಿನ ಭಾನುವಾರ ನೋಡೋಣ ಎಂದಳು.